ಗ್ಲೌಸ್ ಹಾಕಿಕೊಂಡು ಈ ದೊಡ್ಡ ಸ್ಕ್ರೀನ್ ಒತ್ತುವುದು ಹೇಗೆ? ಎಲೆಕ್ಟ್ರಿಕ್ ಪಿಕಪ್ ಇಟ್ಟುಕೊಂಡವರು ಹೇಳಿ

ರಾತ್ರಿಪಾಳಿ, ಮಿನೆಸೋಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೈಕೋಬೇಡಿ.

ನವೆಂಬರ್‌ನಲ್ಲಿ ನಮ್ಮ ಮನೆಗೆ ಎಲೆಕ್ಟ್ರಿಕ್ ಪಿಕಪ್ ಬಂತು. ಯಾವ ಕಂಪನಿ ಅಂತ ಹೇಳುವುದಿಲ್ಲ. ಹೆಸರು ಹೇಳಿದ ತಕ್ಷಣ ಇಲ್ಲಿ ಎರಡು ಗುಂಪಾಗಿ ಜಗಳ ಶುರುವಾಗುತ್ತದೆ, ನನ್ನ ಪ್ರಶ್ನೆ ಮೂಲೆಗೆ ಬೀಳುತ್ತದೆ. ಆರಿಸಿದ್ದು ನಮ್ಮ ಯಜಮಾನರು. ಅವರಿಗೆ ಮರಗೆಲಸದ ಹುಚ್ಚು. ಶನಿವಾರ ಭಾನುವಾರ ಪ್ಲೈವುಡ್ ಹೊತ್ತು ತರುವುದಕ್ಕೆ ಪಿಕಪ್ಪೇ ಬೇಕಂತೆ. ಆದರೆ ವಾರದಲ್ಲಿ ಐದು ದಿನ ಓಡಿಸುವವಳು ನಾನು. ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ರಾತ್ರಿ ಪಾಳಿ, ಹೋಗಿ ಬರುವುದು 70 ಮೈಲಿ.

ಗಾಡಿ ಚೆನ್ನಾಗಿದೆ. ಸದ್ದಿಲ್ಲ, ಹಿಮದಲ್ಲಿ ಜಾರುವುದಿಲ್ಲ, ಪೆಟ್ರೋಲ್ ಬಂಕಿನಲ್ಲಿ ನಿಂತು ಬೆರಳು ಮರಗಟ್ಟಿಸಿಕೊಳ್ಳುವುದು ತಪ್ಪಿತು. ನನ್ನ ದೂರು ಇರುವುದು ಮಧ್ಯದ ಸ್ಕ್ರೀನ್ ಮೇಲೆ. ಚಪಾತಿ ಮಣೆಯಷ್ಟು ದೊಡ್ಡದು. ಹೀಟರ್ ಅದರಲ್ಲಿ, ಸೀಟು ಬಿಸಿ ಮಾಡುವುದು ಅದರಲ್ಲಿ, ಕನ್ನಡಿ ತಿರುಗಿಸುವುದು, ಡ್ರೈವ್ ಮೋಡ್, ರೇಡಿಯೊ, ಎಲ್ಲ ಅದರೊಳಗೆ. ಹೊರಗೆ ಉಳಿದ ಗುಂಡಿಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಇದಕ್ಕೆ ಮುಂಚೆ ಹಳೆ ಕೊರೊಲ್ಲಾ ಇತ್ತು. ಮೂರೇ ಮೂರು ದುಂಡನೆಯ ನಾಬ್. ಒಂದು ಫ್ಯಾನಿಗೆ, ಒಂದು ಬಿಸಿಗೆ, ಇನ್ನೊಂದು ಗಾಳಿ ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ. ದಪ್ಪ ಮಿಟನ್ಸ್ (ಹೆಬ್ಬೆರಳು ಮಾತ್ರ ಬೇರೆ ಇರುವ ಚಳಿ ಗ್ಲೌಸ್) ಹಾಕಿಕೊಂಡೇ ತಿರುಗಿಸುತ್ತಿದ್ದೆ. ಹತ್ತು ವರ್ಷದಲ್ಲಿ ಒಂದು ಸಲವೂ ಆ ಕಡೆ ನೋಡಿದ ನೆನಪಿಲ್ಲ.

ಜನವರಿಯಲ್ಲಿ ಒಂದು ಬೆಳಗ್ಗೆ ಪಾಳಿ ಮುಗಿಸಿ ಹೊರಟೆ. ಹೊರಗೆ ಮೈನಸ್ 15 ಫ್ಯಾರನ್‌ಹೀಟ್, ಅಂದರೆ ಮೈನಸ್ 26 ಡಿಗ್ರಿ. ಬೂಟಿನ ತುಂಬ ಹಿಮ. ಹೈವೇಗೆ ಹತ್ತಿ ಐದು ನಿಮಿಷ ಆಗಿಲ್ಲ, ಮುಂದಿನ ಗ್ಲಾಸು ಒಳಗಿನಿಂದ ಮಂಜಾಗಲು ಶುರುವಾಯಿತು. ಗ್ಲಾಸಿಗೆ ಬಿಸಿಗಾಳಿ ಊದಿ ಮಂಜು ತೆಗೆಯುವ ಡಿಫ್ರಾಸ್ಟ್ ಒತ್ತಲು ಕೈ ಚಾಚಿದೆ, ಗ್ಲೌಸ್ ಇದ್ದುದರಿಂದ ಸ್ಕ್ರೀನಿಗೆ ಗೊತ್ತೇ ಆಗಲಿಲ್ಲ. ಹಲ್ಲಲ್ಲಿ ಕಚ್ಚಿ ಗ್ಲೌಸ್ ಕಿತ್ತೆ. ಮತ್ತೆ ಒತ್ತಿದೆ, ಗಾಡಿ ಅಲುಗಿ ಬೆರಳು ಪಕ್ಕಕ್ಕೆ ಬಿತ್ತು, ಹಾಡಿನ ಪಟ್ಟಿ ತೆರೆದುಕೊಂಡಿತು. ಅದನ್ನು ಮುಚ್ಚಿ ಹಿಂದಕ್ಕೆ ಬರಬೇಕು ಅನ್ನುವಷ್ಟರಲ್ಲಿ ಬಲಗಡೆ ಚಕ್ರ ರಸ್ತೆಯಂಚಿನ ರಂಬಲ್ ಸ್ಟ್ರಿಪ್ (ಎಚ್ಚರಿಸಲು ಕೊರೆದ ಗೀರು ಪಟ್ಟಿ) ಮೇಲೆ ಹೋಗಿ ಗರ್ರ್ ಅಂತ ಸದ್ದು. ಏನೂ ಆಗಲಿಲ್ಲ. ಆದರೆ ಮನೆಗೆ ಬಂದು ಕಾಫಿ ಲೋಟ ಹಿಡಿದಾಗ ಕೈ ಇನ್ನೂ ನಡುಗುತ್ತಿತ್ತು.

ಯಜಮಾನರಿಗೆ ಹೇಳಿದರೆ "ಧ್ವನಿಯಲ್ಲಿ ಹೇಳು, ಅದೇ ಮಾಡುತ್ತದೆ" ಅಂದರು. ಹೇಳಿ ನೋಡಿದೆ. ಒಂದು ಸಲ ಡಿಫ್ರಾಸ್ಟ್ ಆನ್ ಮಾಡಿತು. ಇನ್ನೊಂದು ಸಲ ಹತ್ತಿರದ ಯಾವುದೋ ಐಸ್‌ಕ್ರೀಮ್ ಅಂಗಡಿಗೆ ದಾರಿ ತೋರಿಸಿತು. ಜನವರಿಯಲ್ಲಿ!

ನೀವೆಲ್ಲ ಇದರ ಜೊತೆ ಹೇಗೆ ಏಗುತ್ತಿದ್ದೀರಿ? ಟಚ್ ಆಗುವ ಗ್ಲೌಸ್ ನಿಜವಾಗಿ ಕೆಲಸ ಮಾಡುತ್ತವೆಯೇ? ಹೊರಗಿನಿಂದ ಅಂಟಿಸುವ ಗುಂಡಿಗಳ ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದಂತೆ, ಯಾರಾದರೂ ಹಾಕಿಸಿದ್ದೀರಾ? ಅಥವಾ ನನಗೇ ವಯಸ್ಸಾಯಿತಾ?

ಚಾರ್ಜಿಂಗ್_ಚಂದ್ರು, ಫ್ರೀಮಾಂಟ್

ಮೇಡಂ, ವಯಸ್ಸು ಏನೂ ಆಗಿಲ್ಲ, ಎರಡೇ ತಿಂಗಳಾಗಿದೆ ಅಷ್ಟೇ. ನನ್ನ ಹತ್ತಿರ ರಿವಿಯನ್ ಆರ್1ಟಿ ಎಲೆಕ್ಟ್ರಿಕ್ ಪಿಕಪ್ ಮೂರು ವರ್ಷದಿಂದ ಇದೆ. ಅದರಲ್ಲಿ ಎಸಿ ಗಾಳಿಯ ದಿಕ್ಕನ್ನು ಕೂಡ ಸ್ಕ್ರೀನಿನಲ್ಲೇ ತಿರುಗಿಸಬೇಕು. ಮೊದಲ ವಾರ ನಾನೂ "ಇದೆಂಥ ಹುಚ್ಚಾಟ" ಅಂದುಕೊಂಡಿದ್ದೆ. ಈಗ ತಿಂಗಳಿಗೆ ಒಂದು ಸಲ ಮುಟ್ಟಿದರೆ ಹೆಚ್ಚು.

ಗುಟ್ಟು ಇಷ್ಟೇ. ಓಡಿಸುವಾಗ ಸ್ಕ್ರೀನಿನಲ್ಲಿ ಕೆಲಸ ಇಟ್ಟುಕೊಳ್ಳಬೇಡಿ. ಕ್ಲೈಮೇಟನ್ನು (ಎಸಿ, ಹೀಟರ್) ಆಟೋದಲ್ಲಿ 70 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟು ಮರೆತುಬಿಡಿ. ನಿಮಗೊಂದು, ಯಜಮಾನರಿಗೊಂದು ಡ್ರೈವರ್ ಪ್ರೊಫೈಲ್ ಮಾಡಿ, ಸೀಟು ಕನ್ನಡಿ ಎಲ್ಲ ತಾನೇ ಹೊಂದಿಕೊಳ್ಳುತ್ತದೆ. ಹೊರಡುವ ಹೊತ್ತನ್ನು ಆ್ಯಪಿನಲ್ಲಿ ಹಾಕಿಟ್ಟರೆ ಪ್ಲಗ್ಗಿನಲ್ಲಿ ಇರುವಾಗಲೇ ಒಳಗೆ ಬೆಚ್ಚಗಾಗುತ್ತದೆ, ಬ್ಯಾಟರಿ ಖರ್ಚೂ ಇಲ್ಲ, ಗ್ಲಾಸೂ ಒಣಗಿರುತ್ತದೆ. ಒಳಗೆ ಬೆಚ್ಚಗಿದ್ದ ಮೇಲೆ ಗ್ಲೌಸ್ ಯಾಕೆ ಬೇಕು?

ಇನ್ನೊಂದು ಮಾತು. ಸ್ಕ್ರೀನ್ ಇರುವುದಕ್ಕೇ ಗಾಡಿ ಹೊಸದಾಗುತ್ತಾ ಹೋಗುತ್ತದೆ. ಮೂರು ವರ್ಷದಲ್ಲಿ ನನ್ನ ಗಾಡಿಗೆ ಅಪ್‌ಡೇಟಿನಲ್ಲಿ ಬಂದ ಸೌಲಭ್ಯಗಳು ಒಂದೆರಡಲ್ಲ. ಕೊರೊಲ್ಲಾದ ನಾಬ್ ಹತ್ತು ವರ್ಷ ಆದರೂ ಅದೇ ನಾಬ್. ಕೀಪ್ಯಾಡ್ ಫೋನಿನಿಂದ ಟಚ್ ಫೋನಿಗೆ ಬಂದಾಗಲೂ ನಾವೆಲ್ಲ ಹೀಗೇ ಗೊಣಗಿದ್ದೆವು, ಮರೆತಿರಾ?

ರಾತ್ರಿಪಾಳಿ, ಮಿನೆಸೋಟ

ಚಂದ್ರು ಅವರೇ, ಫ್ರೀಮಾಂಟಿನ ಚಳಿ ಸ್ವೆಟರ್ ಹಾಕಿಕೊಳ್ಳುವ ಚಳಿ. ಇಲ್ಲಿಯದು ಮೂಗಿನೊಳಗಿನ ಕೂದಲು ಗಡ್ಡೆ ಕಟ್ಟುವ ಚಳಿ. ಮನೆಯಿಂದ ಹೊರಡುವಾಗ ನೀವು ಹೇಳಿದ್ದೆಲ್ಲ ಸರಿ, ಗ್ಯಾರೇಜಿನಲ್ಲಿ ಪ್ಲಗ್ ಇದೆ. ಆದರೆ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಚಾರ್ಜರ್ ಇಲ್ಲ, ಗಾಡಿ ಹನ್ನೆರಡು ಗಂಟೆ ಬಯಲಲ್ಲಿ ನಿಂತಿರುತ್ತದೆ. ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವುದೂ ನನ್ನ ಕೈಯಲ್ಲಿಲ್ಲ.

ಮತ್ತೆ ಫೋನನ್ನು ನಾನು 70 ಮೈಲಿ ವೇಗದಲ್ಲಿ ಓಡಿಸುವುದಿಲ್ಲವಲ್ಲ.

ಗುಂಡಿಗಿರಾಕಿ, ನೋವೈ, ಮಿಷಿಗನ್

ಅಕ್ಕ, ನಿಮ್ಮ ಕೊನೆಯ ಸಾಲಿಗೆ ನನ್ನದೊಂದು ಚಪ್ಪಾಳೆ. ಗಾಡಿ ಕಂಪನಿಗಳಿಗೆ ಸ್ವಿಚ್ಚು, ಪ್ಯಾನೆಲ್ಲು ಮಾಡಿಕೊಡುವ ಕಡೆ ನಾನು ಹದಿನಾಲ್ಕು ವರ್ಷದಿಂದ ಇದ್ದೇನೆ. ಹಾಗಾಗಿ ನನ್ನದು ಸ್ವಲ್ಪ ಗುಂಡಿ ಪಕ್ಷಪಾತ, ಮೊದಲೇ ಒಪ್ಪಿಕೊಳ್ಳುತ್ತೇನೆ.

ಗ್ಲೌಸ್ ವಿಷಯ ಮೊದಲು. ಈ ಸ್ಕ್ರೀನ್‌ಗಳಿಗೆ ಒತ್ತಡ ಗೊತ್ತಾಗುವುದಿಲ್ಲ. ಗಾಜಿನ ಹಿಂದೆ ಒಂದು ಸಣ್ಣ ವಿದ್ಯುತ್ ಕ್ಷೇತ್ರ ಇರುತ್ತದೆ, ಬೆರಳು ಹತ್ತಿರ ಬಂದಾಗ ಅದು ಕದಲುತ್ತದೆ, ಆ ಕದಲಿಕೆಯನ್ನು ಅಳೆಯುತ್ತಾರೆ. ಉಣ್ಣೆ, ಚರ್ಮ, ದಪ್ಪ ಪ್ಯಾಡಿಂಗ್ ಮಧ್ಯೆ ಬಂದರೆ ಬೆರಳು ಇದ್ದೂ ಇಲ್ಲದ ಹಾಗೆ. ಎಷ್ಟು ಗಟ್ಟಿಯಾಗಿ ಒತ್ತಿದರೂ ಉಪಯೋಗವಿಲ್ಲ. ಟಚ್ ಗ್ಲೌಸಿನ ಬೆರಳ ತುದಿಯಲ್ಲಿ ವಿದ್ಯುತ್ ಹರಿಯುವ ದಾರ ನೇಯ್ದಿರುತ್ತಾರೆ. ತೆಳುವಾಗಿದ್ದರೆ ಚೆನ್ನಾಗಿ ಕೆಲಸ ಮಾಡುತ್ತವೆ, ದಪ್ಪ ಆದಷ್ಟೂ ಕೆಟ್ಟದು. ಹಾಗಾಗಿ ಒಳಗೆ ಟಚ್ ಆಗುವ ತೆಳುವಾದ ಒಳಗ್ಲೌಸ್ (ಲೈನರ್), ಮೇಲೆ ಮಿಟನ್ಸ್. ಗಾಡಿ ಹತ್ತಿದ ಮೇಲೆ ಮಿಟನ್ಸ್ ಮಾತ್ರ ತೆಗೆಯಿರಿ.

ಮೈನಸ್ 26ರಲ್ಲಿ ಸ್ಕ್ರೀನೇ ಮಂಕಾಗಿ ನಿಧಾನವಾಗಿ ಬದಲಾಗುವುದನ್ನೂ ನೋಡಿರಬೇಕು. ಎಲ್‌ಸಿಡಿ ಒಳಗೆ ಇರುವ ದ್ರವ ಚಳಿಗೆ ಜೇನುತುಪ್ಪದ ಹಾಗೆ ಮಂದವಾಗುತ್ತದೆ. ನೀವು ಒತ್ತಿದ್ದು ತಲುಪಿರುತ್ತದೆ, ಚಿತ್ರ ಬದಲಾಗುವುದು ತಡ. ಆಗಲಿಲ್ಲ ಅಂದುಕೊಂಡು ಇನ್ನೊಂದು ಸಲ ಒತ್ತಿದರೆ ಆನ್ ಆದದ್ದು ಆಫ್ ಆಗುತ್ತದೆ. ಒಂದು ಸಲ ಒತ್ತಿ, ಕೈ ತೆಗೆದು, ಕಾಯಿರಿ.

ಇಷ್ಟು ದೊಡ್ಡ ಸ್ಕ್ರೀನ್ ಬಂದದ್ದೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲು ಬಂದದ್ದು ಈಗಲ್ಲ, 1986ರಲ್ಲಿ. ಬ್ಯುಯಿಕ್ ರಿವಿಯೆರಾ ಅನ್ನುವ ಕಾರಿನಲ್ಲಿ ಹಳೆ ಟೀವಿಯ ಹಾಗಿನ ಟಚ್‌ಸ್ಕ್ರೀನ್ ಇತ್ತು, ರೇಡಿಯೊ ಹೀಟರ್ ಎಲ್ಲ ಅದರಲ್ಲೇ. ಜನರಿಗೆ ಹಿಡಿಸಲಿಲ್ಲ. 1990ರ ಮಾಡೆಲಿಗೆ ತೆಗೆದು ಮತ್ತೆ ಗುಂಡಿ ಹಾಕಿದರು. ಆಮೇಲೆ 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ 17 ಇಂಚಿನ ಸ್ಕ್ರೀನ್ ಹೊತ್ತು ಬಂತು, ಅದರ ಮುಂದೆ ಮಿಕ್ಕವೆಲ್ಲ ಹಳೆಯ ಕಾಲದ್ದು ಅನ್ನಿಸತೊಡಗಿತು. ಇನ್ನೊಂದು ಕಡೆ ಅಮೆರಿಕದಲ್ಲಿ 2018ರ ಮೇ 1ರಿಂದ ಹೊಸ ಕಾರು ಪಿಕಪ್‌ಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯವಾಯಿತು. ಕ್ಯಾಮೆರಾ ಬಂದ ಮೇಲೆ ಚಿತ್ರ ತೋರಿಸಲು ಸ್ಕ್ರೀನ್ ಬೇಕೇ ಬೇಕು. ಹೇಗೂ ಸ್ಕ್ರೀನಿಗೆ ದುಡ್ಡು ಹಾಕಿದ್ದೇವೆ, ಗುಂಡಿಗೆ ಮತ್ತೆ ಯಾಕೆ ಹಾಕುವುದು? ಒಂದು ನಾಬ್ ಅಂದರೆ ಅದಕ್ಕೊಂದು ಅಚ್ಚು, ಒಂದು ವೈರು, ಒಳಗೊಂದು ಲೈಟು, ಸಾವಿರಾರು ಸಲ ತಿರುಗಿಸಿ ನೋಡುವ ಪರೀಕ್ಷೆ. ಸ್ಕ್ರೀನಿನ ಗುಂಡಿಗೆ ಇದು ಯಾವುದೂ ಇಲ್ಲ, ಗಾಡಿ ಮಾರಿದ ಮೇಲೂ ಸೇರಿಸಬಹುದು. ಅಂದ ಚಂದ ಎಲ್ಲ ಆಮೇಲೆ ಹೇಳುವ ಮಾತು.

ಹಾಗಂತ ಅಪ್‌ಡೇಟನ್ನು ಪೂರ್ತಿ ಬೈಯಲೂ ಆಗುವುದಿಲ್ಲ. 2024ರ ಫೆಬ್ರವರಿಯಲ್ಲಿ ಟೆಸ್ಲಾ ಅಮೆರಿಕದಲ್ಲಿ ಸುಮಾರು 22 ಲಕ್ಷ ಗಾಡಿಗಳನ್ನು ದೋಷ ಸರಿಮಾಡಲು ರೀಕಾಲ್ ಮಾಡಿತು, ಅವರ ಎಲೆಕ್ಟ್ರಿಕ್ ಪಿಕಪ್ ಸೈಬರ್‌ಟ್ರಕ್ಕೂ ಸೇರಿ. ಕಾರಣ ಕೇಳಿದರೆ ನಗು ಬರುತ್ತದೆ. ಬ್ರೇಕು, ಪಾರ್ಕಿಂಗ್, ಎಬಿಎಸ್ ಎಚ್ಚರಿಕೆಯ ಅಕ್ಷರ ತೀರಾ ಚಿಕ್ಕದಾಗಿತ್ತು. ಸರಿಮಾಡಿದ್ದು ಸಾಫ್ಟ್‌ವೇರ್ ಕಳಿಸಿ, ಒಬ್ಬರೂ ವರ್ಕ್‌ಶಾಪಿಗೆ ಹೋಗಬೇಕಾಗಲಿಲ್ಲ. ಚಂದ್ರು ಸರ್ ಹೇಳುವುದರಲ್ಲಿ ಅಷ್ಟು ನಿಜ ಇದೆ.

ಆದರೆ ಅವರು ಬಿಟ್ಟದ್ದು ಒಂದಿದೆ. ನಾಬ್ ತಿರುಗಿಸುವಾಗ ಕೆಲಸ ಮಾಡುವುದು ಬೆರಳು. ಸ್ಕ್ರೀನ್ ಒತ್ತುವಾಗ ಕೆಲಸ ಮಾಡುವುದು ಕಣ್ಣು. ಗಾಜು ಎಲ್ಲ ಕಡೆ ಒಂದೇ ಥರ ನುಣ್ಣಗೆ, ಬೆರಳಿಗೆ ಏನೂ ಸಿಗುವುದಿಲ್ಲ, ಹಾಗಾಗಿ ನೋಡಲೇಬೇಕು. ಒಂದು ನೋಟ 2 ಸೆಕೆಂಡ್ ಮೀರಬಾರದು, ಒಂದು ಕೆಲಸಕ್ಕೆ ಎಲ್ಲ ನೋಟ ಸೇರಿ 12 ಸೆಕೆಂಡ್ ದಾಟಬಾರದು ಅಂತ ಇಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ 2013ರಲ್ಲಿ ಬರೆಯಿತು. ಆದರೆ ಅದು ಸಲಹೆ, ಕಾನೂನಲ್ಲ. 70 ಮೈಲಿ ವೇಗದಲ್ಲಿ 2 ಸೆಕೆಂಡಿಗೆ ಗಾಡಿ 60 ಮೀಟರಿಗಿಂತ ಜಾಸ್ತಿ ಓಡಿರುತ್ತದೆ. ನೀವು ಗ್ಲೌಸ್ ಕಿತ್ತು, ಹಾಡಿನ ಪಟ್ಟಿ ಮುಚ್ಚುವಷ್ಟರಲ್ಲಿ ಎಷ್ಟು ದೂರ ಹೋಗಿರಬಹುದು, ಲೆಕ್ಕ ಹಾಕಬೇಡಿ, ನಿದ್ದೆ ಬರುವುದಿಲ್ಲ.

2022ರಲ್ಲಿ ಸ್ವೀಡನ್ನಿನ ಒಂದು ಕಾರು ಪತ್ರಿಕೆ ಇದನ್ನೇ ಅಳೆಯಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡುತ್ತಾ ನಾಲ್ಕು ಕೆಲಸ, ಸೀಟು ಬಿಸಿ ಮಾಡುವುದು, ರೇಡಿಯೊ ಬದಲಿಸುವುದು, ಆ ಥರದ್ದು. ಗುಂಡಿಗಳಿದ್ದ 2005ರ ವೋಲ್ವೊ ವಿ70 ಹತ್ತು ಸೆಕೆಂಡಿನಲ್ಲಿ ಮುಗಿಸಿತು. ಎಲ್ಲಕ್ಕಿಂತ ನಿಧಾನದ ಹೊಸ ಕಾರಿಗೆ 44.6 ಸೆಕೆಂಡ್ ಬೇಕಾಯಿತು, ಅಷ್ಟರಲ್ಲಿ ಅದು ಒಂದು ಕಿಲೋಮೀಟರಿಗಿಂತ ಜಾಸ್ತಿ ಓಡಿತ್ತು. ಆದ್ದರಿಂದ ವಯಸ್ಸಿನ ಪ್ರಶ್ನೆ ವಾಪಸ್ ತೆಗೆದುಕೊಳ್ಳಿ.

ಈಗ ಮಾಡಬೇಕಾದ್ದು. ನಿಮ್ಮ ಗಾಡಿಯ ಮಂಜಿಗೆ ಮೂಲ ಬೂಟಿನ ಹಿಮ ಮತ್ತು ನಿಮ್ಮ ಉಸಿರು. ರಿಸರ್ಕ್ಯುಲೇಶನ್ ಆನ್ ಇದ್ದರೆ ಅದೇ ತೇವದ ಗಾಳಿ ಒಳಗೇ ಸುತ್ತುತ್ತದೆ. ಹೊರಗಿನ ಗಾಳಿ ಬರುವ ಹಾಗೆ ಇಡಿ. ಮೈನಸ್ 26ರ ಗಾಳಿಯಲ್ಲಿ ತೇವವೇ ಇರುವುದಿಲ್ಲ, ಬಿಸಿಯಾಗಿ ಗ್ಲಾಸಿಗೆ ಬಡಿದರೆ ಮಂಜನ್ನು ಹೀರುತ್ತದೆ. ಬ್ಯಾಟರಿ ಉಳಿಸಲು ಕೆಲವು ಗಾಡಿಗಳು ತಾವಾಗಿಯೇ ರಿಸರ್ಕ್ಯುಲೇಶನ್ನಿಗೆ ಹೋಗುತ್ತವೆ, ಅದನ್ನು ಒಮ್ಮೆ ನೋಡಿಕೊಳ್ಳಿ. ಹತ್ತುವ ಮುಂಚೆ ಬೂಟನ್ನು ಒಂದಕ್ಕೊಂದು ಬಡಿದು ಹಿಮ ಉದುರಿಸಿ, ಕಾಲಡಿ ಎತ್ತರದ ಅಂಚಿರುವ ರಬ್ಬರ್ ಮ್ಯಾಟ್ ಹಾಕಿ.

ಆಮೇಲೆ ಸ್ಕ್ರೀನಿನ ಕೆಳಗಿನ ಸಾಲಿಗೆ ನಮಗೆ ಬೇಕಾದ್ದನ್ನು ಎಳೆದು ತರಲು ಕೆಲವು ಗಾಡಿಗಳಲ್ಲಿ ಆಗುತ್ತದೆ. ಡಿಫ್ರಾಸ್ಟನ್ನು ಅಂಚಿನ ಮೂಲೆಗೆ ತನ್ನಿ. ಮಧ್ಯದಲ್ಲಿರುವ ಗುಂಡಿಗೆ ಕೈ ಗಾಳಿಯಲ್ಲಿ ತೇಲಬೇಕು, ಅಂಚಿನದಕ್ಕೆ ಉಳಿದ ಬೆರಳನ್ನು ಚೌಕಟ್ಟಿಗೆ ಆನಿಸಿ ಹೆಬ್ಬೆರಳಲ್ಲಿ ಒತ್ತಬಹುದು, ಗಾಡಿ ಅಲುಗಿದರೂ ತಪ್ಪುವುದಿಲ್ಲ. ಕಣ್ಣು ಕಾಣದವರು ಮೈಕ್ರೋವೇವ್ ಮೇಲೆ ಅಂಟಿಸಿಕೊಳ್ಳುವ ಉಬ್ಬು ಚುಕ್ಕಿಗಳು ಸಿಗುತ್ತವೆ. ಅಂಥದ್ದೊಂದನ್ನು ಗಾಜಿಗಲ್ಲ, ಅದರ ಚೌಕಟ್ಟಿಗೆ, ಸರಿಯಾಗಿ ಡಿಫ್ರಾಸ್ಟಿನ ಕೆಳಗೆ ಅಂಟಿಸಿ. ಬೆರಳು ತಾನೇ ದಾರಿ ಕಲಿಯುತ್ತದೆ. ಹೊರಗಿನ ಗುಂಡಿ ಪಟ್ಟಿಗೆ ಹೋಗುವ ಮುಂಚೆ ಇದನ್ನು ನೋಡಿ, ಖರ್ಚು ಎರಡು ಡಾಲರ್. ಆ ಪಟ್ಟಿಗಳು ಗಾಡಿಯ ಒಳಗಿನ ವೈರಿಂಗಿಗೆ ಸೇರುವಂಥವು. ಹಾಕಿಸುವ ಮುಂಚೆ ವಾರಂಟಿ ಕಾಗದ ಓದಿ.

ಗ್ರೈಂಡರ್_ಗೌಡ, ಫ್ರಿಸ್ಕೊ, ಟೆಕ್ಸಾಸ್

ಗುಂಡಿಗಿರಾಕಿ ಅಣ್ಣ ಪಾಠ ಮುಗಿಸಿದ್ದಾರೆ, ನನ್ನದು ಎರಡು ಮಾತು.

ನಮ್ಮದು ಫೋರ್ಡಿನ ಎಲೆಕ್ಟ್ರಿಕ್ ಪಿಕಪ್ ಎಫ್-150 ಲೈಟ್ನಿಂಗ್, ದೊಡ್ಡ 15.5 ಇಂಚಿನ ಸ್ಕ್ರೀನ್ ಇರುವುದು. ಆ ಸ್ಕ್ರೀನಿನ ಮೇಲೇ ಒಂದು ನಿಜವಾದ ದುಂಡು ನಾಬ್ ಕೂರಿಸಿದ್ದಾರೆ, ವಾಲ್ಯೂಮಿಗೆ. ನೋಡಲು ಕನ್ನಡಿ ಮೇಲೆ ಲಡ್ಡು ಅಂಟಿಸಿದ ಹಾಗಿದೆ. ಆದರೆ ದಿನಕ್ಕೆ ಐವತ್ತು ಸಲ ನಾನು ಮುಟ್ಟುವುದು ಅದನ್ನೇ. ಗೇರ್ ಲಿವರ್ ಕೂಡ ಕೈಗೆ ಸಿಗುವಂಥದ್ದು. ಸೈಬರ್‌ಟ್ರಕ್ಕಿನಲ್ಲಿ ಗೇರ್ ಬದಲಿಸಲೂ ಸ್ಕ್ರೀನಿನ ಮೇಲೆ ಬೆರಳು ಎಳೆಯಬೇಕು. ಸ್ನೇಹಿತರದನ್ನು ಒಂದು ದಿನ ಓಡಿಸಿದೆ, ಪಾರ್ಕಿಂಗಿನಲ್ಲಿ ಹಿಂದೆ ಮುಂದೆ ಮಾಡುವಾಗ ಗಾಜಿಗೆ ಹರಳೆಣ್ಣೆ ಉಜ್ಜುತ್ತಿದ್ದೇನೆ ಅನ್ನಿಸಿತು. ಅವರಿಗೆ ಅದೇ ಇಷ್ಟ. ಇರಲಿ.

ತಮಾಷೆ ಗೊತ್ತಾ? ಲೈಟ್ನಿಂಗ್ 2022ರಲ್ಲಿ ಬಂದಾಗ ಕಡಿಮೆ ಬೆಲೆಯ ಮಾಡೆಲಿಗೆ 12 ಇಂಚಿನ ಅಡ್ಡ ಸ್ಕ್ರೀನ್ ಕೊಟ್ಟು ಕೆಳಗೆ ಎಸಿ ಹೀಟರಿಗೆ ಬೇರೆ ಗುಂಡಿ ಇಟ್ಟಿದ್ದರು. ದುಡ್ಡು ಜಾಸ್ತಿ ಕೊಟ್ಟವರಿಗೆ ಗುಂಡಿ ಕಡಿಮೆ! ನಾನು ಜಾಸ್ತಿ ಕೊಟ್ಟವನು. ಹೆಂಡತಿ ಇವತ್ತಿಗೂ ಬಿಟ್ಟಿಲ್ಲ.

ಹಾಗಂತ ಮಾರುವ ಯೋಚನೆ ಇಲ್ಲ. ನಮ್ಮ ಗಾಡಿಯಿಂದ 9.6 ಕಿಲೋವ್ಯಾಟ್ ಕರೆಂಟು ಹೊರಗೆ ಬರುತ್ತದೆ. ಯುಗಾದಿ ಪಿಕ್ನಿಕ್ಕಿಗೆ ಪಾರ್ಕಿನಲ್ಲಿ ಹಿಂದೆ ವೆಟ್ ಗ್ರೈಂಡರ್ ಹಾಕಿ ಬಿಸಿ ಬಿಸಿ ವಡೆಗೆ ರುಬ್ಬಿದ್ದೇವೆ, ಪಕ್ಕದಲ್ಲಿ ಕಾಫಿ ಡಿಕಾಕ್ಷನ್, ಅದರ ಪಕ್ಕ ಮೈಕ್ ಸೆಟ್. ಯಾವುದು ಎಷ್ಟು ಎಳೆಯುತ್ತಿದೆ ಅಂತ ಸ್ಕ್ರೀನ್ ತೋರಿಸುತ್ತದೆ. ಇಂಥದ್ದಕ್ಕೆ ದೊಡ್ಡ ಸ್ಕ್ರೀನ್ ಬೇಕು, ಗಾಡಿ ನಿಂತಿರುವಾಗ.

ನಮ್ಮ ಕಡೆ ಕಷ್ಟ ಚಳಿಯದಲ್ಲ, ಬಿಸಿಲಿನದು. ಮಧ್ಯಾಹ್ನ ಪಕ್ಕದಿಂದ ಬೆಳಕು ಬಿದ್ದರೆ ಸ್ಕ್ರೀನಿನ ತುಂಬ ಬರೀ ಬೆರಳ ಗುರುತು. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡರೆ ಕೆಲವು ಸ್ಕ್ರೀನ್ ಕಪ್ಪಗೆ ಕಾಣುತ್ತದೆ, ತಲೆ ಓರೆ ಮಾಡಿದರೆ ಬೆಳಗುತ್ತದೆ. ನೋಡಿದವರು ಕತ್ತು ಉಳುಕಿದೆ ಅಂದುಕೊಳ್ಳಬೇಕು. ಒರೆಸಲು ಮೈಕ್ರೋಫೈಬರ್ ಬಟ್ಟೆಗೆ ಒಂದಿಷ್ಟು ನೀರು ಸಾಕು, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೇಡ, ಮೇಲಿನ ಲೇಪ ಹೋಗುತ್ತದೆ. ಮಕ್ಕಳು ಚಕ್ಕುಲಿ ತಿಂದ ಕೈಯಲ್ಲಿ ಮುಟ್ಟದ ಹಾಗೆ ಮಾಡುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ನನಗೂ ಹೇಳಿ.

ಅಡಿಕೆತೋಟ, ತೀರ್ಥಹಳ್ಳಿ

ಓದಿ ಸಖತ್ ಮಜಾ ಬಂತು. ನಮ್ಮದು ಬೊಲೆರೊ ಪಿಕಪ್, ಡೀಸೆಲ್. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಕೈಗೆಲ್ಲ ಚೊಗರು, ಮಳೆಗಾಲದಲ್ಲಿ ಕೆಸರು. ಆ ಕೈಯಲ್ಲಿ ನಿಮ್ಮ ಸ್ಕ್ರೀನ್ ಮುಟ್ಟಿದರೆ ಸಂಜೆಗೆ ತೋಟದ ನಕ್ಷೆಯೇ ಮೂಡಿರುತ್ತದೆ.

ಆಗುಂಬೆ ಘಾಟಿಯಲ್ಲಿ ಜುಲೈ ತಿಂಗಳು ಗ್ಲಾಸು ಮಂಜಾಗದ ದಿನವೇ ಇಲ್ಲ. ನಮ್ಮಪ್ಪ ಓಡಿಸುವಾಗ ಕ್ಲೀನರ್ ಹುಡುಗ ಹಳೆ ಪಂಚೆ ತುಂಡು ಹಿಡಿದು ಒರೆಸುತ್ತಾ ಕೂರುತ್ತಿದ್ದ. ಈಗ ಹುಡುಗನೂ ಇಲ್ಲ, ಕಿಟಕಿ ಎರಡು ಬೆರಳು ಇಳಿಸಿ ಫ್ಯಾನು ಜೋರಾಗಿ ಇಡುತ್ತೇನೆ. ಸರ್ ಹೇಳಿದ ಹೊರಗಿನ ಗಾಳಿಯ ಲೆಕ್ಕ ಇದೇ ಅಲ್ವಾ?

ನಮ್ಮ ಪೇಟೆ ಕಡೆ ಎಲೆಕ್ಟ್ರಿಕ್ ಅಂದರೆ ಟಾಟಾ ಏಸ್ ಇವಿ ಥರದ ಸಣ್ಣ ಗೂಡ್ಸ್ ಗಾಡಿ. ನಿಮ್ಮಷ್ಟು ದೊಡ್ಡ ಪಿಕಪ್ ನಮ್ಮ ತೋಟದ ದಾರಿಗೆ ಬಂದರೆ ತಿರುಗಿಸಲು ಪಕ್ಕದವರ ಬೇಲಿ ಕೀಳಬೇಕಾಗುತ್ತದೆ.

ಬಾಡೆನ್_ಬಸವ, ಕಾರ್ಲ್ಸ್‌ರೂಹೆ

ಜರ್ಮನಿಯಿಂದ ಒಂದು ಸಣ್ಣ ಸೇರ್ಪಡೆ. ನಾನಿರುವ ಊರಿನ ಹೈಕೋರ್ಟಿನಲ್ಲೇ 2020ರಲ್ಲಿ ಒಂದು ತೀರ್ಪು ಬಂತು. ಟೆಸ್ಲಾ ಓಡಿಸುತ್ತಿದ್ದ ಒಬ್ಬರು ಜೋರು ಮಳೆಯಲ್ಲಿ ವೈಪರ್ ವೇಗ ಬದಲಿಸಲು ಸ್ಕ್ರೀನ್ ಒತ್ತಲು ಹೋಗಿ ರಸ್ತೆ ಬಿಟ್ಟು ಮರಕ್ಕೆ ಗುದ್ದಿದ್ದರು. 200 ಯೂರೊ ದಂಡ, ಒಂದು ತಿಂಗಳು ಗಾಡಿ ಓಡಿಸುವ ಹಾಗಿಲ್ಲ. ವೈಪರ್ ಅಂದರೆ ಗಾಡಿಗೆ ಬೇಕೇ ಬೇಕಾದ್ದಲ್ವಾ ಅಂತ ಅವರು ವಾದಿಸಿದರು. ಸ್ಕ್ರೀನ್ ಮುಟ್ಟುವುದು ಫೋನ್ ಮುಟ್ಟಿದ ಲೆಕ್ಕವೇ, ರಸ್ತೆಗೆ ತಕ್ಕ ಹಾಗೆ ಬರೀ ಒಂದು ಚಿಕ್ಕ ನೋಟ ಸಾಕಾದರೆ ಮಾತ್ರ ಸರಿ ಅಂತ ಕೋರ್ಟು ಹೇಳಿತು. ಹಾಗಿಟ್ಟದ್ದು ಕಂಪನಿ, ದಂಡ ಕಟ್ಟಿದ್ದು ಓಡಿಸಿದವರು.

ಯುರೋಪಿನಲ್ಲಿ ಗಾಡಿಗಳಿಗೆ ಸುರಕ್ಷತೆಯ ನಕ್ಷತ್ರ ಕೊಡುವ ಯೂರೊ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ಹಜಾರ್ಡ್ ಲೈಟ್, ಹಾರನ್, ವೈಪರ್ ಮತ್ತು ತುರ್ತು ಕರೆಗೆ ನಿಜವಾದ ಗುಂಡಿ ಕೇಳುತ್ತಿದ್ದಾರೆ. ಕಾನೂನಲ್ಲ, ಆದರೆ ಐದು ನಕ್ಷತ್ರ ಬೇಕೆನ್ನುವ ಕಂಪನಿಗೆ ಅದು ಲೆಕ್ಕಕ್ಕೆ ಬರುತ್ತದೆ. ಆ ಪಟ್ಟಿಯಲ್ಲಿ ಡಿಫ್ರಾಸ್ಟ್ ಇಲ್ಲ, ಅಕ್ಕ. ಸಾರಿ.

ಪುಟ್ಟ_ಬಜೆಟ್, ಶಿಕಾಗೊ

ಸ್ಕ್ರೀನೇ ಬೇಡ ಅನ್ನುವವರು ಸ್ಲೇಟ್ ನೋಡಿದ್ದೀರಾ? 2025ರ ಏಪ್ರಿಲ್‌ನಲ್ಲಿ ತೋರಿಸಿದ ಚಿಕ್ಕ ಎಲೆಕ್ಟ್ರಿಕ್ ಪಿಕಪ್. ಮಧ್ಯದಲ್ಲಿ ಸ್ಕ್ರೀನ್ ಇಲ್ಲ, ಫೋನ್ ಇಡಲು ಒಂದು ಸ್ಟ್ಯಾಂಡು. ಎಸಿಗೆ ದುಂಡು ನಾಬ್. ಕಿಟಕಿ ಗ್ಲಾಸು ಕೈಯಲ್ಲಿ ತಿರುಗಿಸಿ ಇಳಿಸಬೇಕು, ನಮ್ಮ ಹಳೆ ಮಾರುತಿ 800ರ ಹಾಗೆ. ಹಿಂಬದಿ ಕ್ಯಾಮೆರಾದ ಚಿತ್ರ ಸ್ಟೀರಿಂಗ್ ಹಿಂದಿನ ಸಣ್ಣ ಡಿಸ್‌ಪ್ಲೇಯಲ್ಲಿ ಬರುತ್ತದೆ. ಸ್ಪೀಕರ್ ಕೂಡ ಇಲ್ಲ ಅಂದಾಗ ಮಾತ್ರ ನನ್ನ ಉತ್ಸಾಹ ಸ್ವಲ್ಪ ಇಳಿಯಿತು.

ರಾತ್ರಿಪಾಳಿ, ಮಿನೆಸೋಟ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಿಹೋಗೋಣ ಎಂದು ಬಂದೆ. ಎಲ್ಲರಿಗೂ ಥ್ಯಾಂಕ್ಸ್.

ರಿಸರ್ಕ್ಯುಲೇಶನ್ ನೋಡಿದೆ, ಸರ್ ಹೇಳಿದ್ದೇ ನಿಜ. ತಾನಾಗಿಯೇ ಆನ್ ಆಗಿ ಕೂತಿತ್ತು. ಅದನ್ನು ತೆಗೆದ ಮೇಲೆ ಅರ್ಧ ಮಂಜು ಅಲ್ಲೇ ಹೋಯಿತು. ರಬ್ಬರ್ ಮ್ಯಾಟ್ ಹಾಕಿದೆವು. ಬೂಟು ಬಡಿಯುವುದನ್ನು ನೋಡಿ ಪಾರ್ಕಿಂಗಿನ ಸೆಕ್ಯುರಿಟಿಯವನು ದಿನಾ ಕೈ ಬೀಸುತ್ತಾನೆ, ಡಾನ್ಸ್ ಅಂದುಕೊಂಡಿರಬೇಕು.

ಲೈನರ್ ಗ್ಲೌಸ್ ಎರಡು ಜೊತೆ ತಂದೆ. ಅಗ್ಗದ್ದು ಒಂದು ಸಲ ಒಗೆದ ಮೇಲೆ ಸತ್ತುಹೋಯಿತು, ಇನ್ನೊಂದು ನಡೆಯುತ್ತಿದೆ. ಚಂದ್ರು ಅವರೇ, ನಿಮ್ಮ ಮಾತೂ ಕೇಳಿದೆ. ಆಟೋಗೆ ಇಟ್ಟಿದ್ದೇನೆ, ಪಾಳಿ ಮುಗಿಯಲು ಹತ್ತು ನಿಮಿಷ ಇರುವಾಗ ಆ್ಯಪಿನಲ್ಲಿ ಹೀಟರ್ ಹಾಕುತ್ತೇನೆ. ಬ್ಯಾಟರಿ ಸ್ವಲ್ಪ ತಿನ್ನುತ್ತದೆ, ತಿನ್ನಲಿ. ಧ್ವನಿಯನ್ನು ಮಾತ್ರ ಬಿಟ್ಟುಬಿಟ್ಟೆ. ಕನ್ನಡ ಹಾಡು ಕೇಳಿದರೆ ಅದು ಹಾಕುವುದು ಯಾವ ಭಾಷೆಯದೋ ನನಗೆ ಇನ್ನೂ ಗೊತ್ತಾಗಿಲ್ಲ.

ಡಿಫ್ರಾಸ್ಟನ್ನು ಎಡಗಡೆ ಕೆಳಗಿನ ಮೂಲೆಗೆ ತಂದೆ. ಉಬ್ಬು ಚುಕ್ಕಿ ಆರ್ಡರ್ ಮಾಡಿದರೆ ನಾಲ್ಕು ದಿನ ಅಂತ ತೋರಿಸಿತು. ಅಷ್ಟು ಯಾರು ಕಾಯುತ್ತಾರೆ? ಡ್ರಾಯರಿನಲ್ಲಿ ತಂಗಿ ಮದುವೆಗೆ ತಂದ ಹರಳಿನ ಬಿಂದಿ ಪ್ಯಾಕೆಟ್ ಇತ್ತು. ಕೆಂಪು ಹರಳಿನದೊಂದನ್ನು ಚೌಕಟ್ಟಿಗೆ ಅಂಟಿಸಿದೆ. ಯಜಮಾನರು ಇಷ್ಟು ದುಡ್ಡಿನ ಗಾಡಿಗೆ ಇದೇನು ಅಂತ ಮುಖ ಸಿಂಡರಿಸಿದರು. ಆದರೆ ಕೆಲಸ ಮಾಡುತ್ತದೆ ನೋಡಿ! ಲೈನರ್ ಒಳಗಿಂದಲೂ ಹರಳು ಬೆರಳಿಗೆ ಚುಚ್ಚಿದ ಹಾಗೆ ಸಿಗುತ್ತದೆ, ಅದರ ಮೇಲೆ ಅರ್ಧ ಇಂಚು ಹೋದರೆ ಡಿಫ್ರಾಸ್ಟ್. ಎರಡು ವಾರದಿಂದ ಆ ಕಡೆ ನೋಡದೇ ಒತ್ತುತ್ತಿದ್ದೇನೆ. ಹೋದ ಶನಿವಾರ ಪ್ಲೈವುಡ್ ತರಲು ಹೋದ ಯಜಮಾನರು ತಮ್ಮ ಸೀಟು ಬಿಸಿಯ ಗುಂಡಿಯ ಕೆಳಗೆ ಹಸಿರು ಹರಳಿನದೊಂದು ಅಂಟಿಸಿಕೊಂಡು ಬಂದಿದ್ದಾರೆ, ಕೇಳಿದರೆ ನಾನಲ್ಲ ಅನ್ನುತ್ತಾರೆ.

ನಿನ್ನೆ ರಾತ್ರಿ ಹೊಸ ಅಪ್‌ಡೇಟ್ ಬಂತು. ಬೆಳಗ್ಗೆ ಹತ್ತಿ ನೋಡುತ್ತೇನೆ, ಕೆಳಗಿನ ಸಾಲಿಗೆ ಇನ್ನೇನೋ ಹೊಸದು ಸೇರಿ ಡಿಫ್ರಾಸ್ಟ್ ಎರಡು ಇಂಚು ಬಲಕ್ಕೆ ಹೋಗಿದೆ. ಬಿಂದಿ ಪ್ಯಾಕೆಟನ್ನು ಈಗ ಗಾಡಿಯಲ್ಲೇ ಇಟ್ಟಿದ್ದೇನೆ.